ಖಾಕಿ ಬಿಡೋಣ ಅಂತಿದ್ದೇನೆ. ಬಿಟ್ಟವರು, ಬಿಡದೆ ಉಳಿದವರು ಸ್ವಲ್ಪ ಮಾತಾಡಿ

ತೊಗರಿನಾಡು | 9 ಅಕ್ಟೋಬರ್ 2025, ರಾತ್ರಿ 1:40

ನಾನು ಸಿವಿಲ್ ಕಾನ್‌ಸ್ಟೆಬಲ್. 2016ರಲ್ಲಿ ಸೇರಿದ್ದು. ಈಗ ಬೆಂಗಳೂರಿನ ಒಂದು ಠಾಣೆಯಲ್ಲಿದ್ದೇನೆ, ಯಾವುದು ಅಂತ ಕೇಳಬೇಡಿ. ಊರು ಜೇವರ್ಗಿ ತಾಲ್ಲೂಕು, ಭೀಮಾ ದಂಡೆ.

ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಟಿಫಿನ್ ಡಬ್ಬಿಯ ಅಡಿಯಲ್ಲಿದೆ. ಮೂಲೆಗೆ ಸಾರಿನ ಕಲೆಯೂ ಆಗಿದೆ.

ಆಗಿದ್ದು ಇಷ್ಟು. ಈ ಸಲ ಮೈಸೂರು ದಸರಾ ಹನ್ನೊಂದು ದಿನ. ಬಂದೋಬಸ್ತಿಗೆ ನನ್ನನ್ನೂ ಹಾಕಿದರು. ಸೆಪ್ಟೆಂಬರ್ ಕೊನೆಗೆ ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಭೀಮಾ ಉಕ್ಕಿತು. ಟಿವಿಯಲ್ಲಿ ನೀವೂ ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಕಿಟಕಿವರೆಗೆ ನೀರು. ಹೊಲದಲ್ಲಿ ತೊಗರಿ ಕಾಣಲೇ ಇಲ್ಲ. ಅಪ್ಪ, ಅವ್ವ ಶಾಲೆಯಲ್ಲಿ ಮಲಗಿದ್ದರು. ರಜೆ ಕೇಳಿದೆ. "ಜಂಬೂ ಸವಾರಿ ಮುಗಿಯಲಿ, ನೋಡೋಣ" ಅಂದರು. 2ನೇ ತಾರೀಕು ನಾನು ಹಗ್ಗ ಹಿಡಿದು ಜನರನ್ನು ಹಿಂದಕ್ಕೆ ತಳ್ಳುತ್ತಾ ನಿಂತಿದ್ದೆ. ಆನೆ ಬರುತ್ತಿದೆ, ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದಾರೆ. ನನ್ನ ಜೇಬಿನಲ್ಲಿ ಮೊಬೈಲ್ ಗುಂಯ್ ಅನ್ನುತ್ತಿದೆ. ತಮ್ಮ ಫೋಟೊ ಕಳಿಸುತ್ತಿದ್ದ, ಆಮೇಲೆ ನೋಡಿದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ "ಠಾಣೆಯಲ್ಲಿ ಜನ ಇಲ್ಲ" ಅಂದರು. ಕೊನೆಗೆ ಎರಡು ದಿನ ರಜೆ ಸಿಕ್ಕಿತು. ಅದರಲ್ಲಿ ಒಂದು ದಿನ ಬಸ್ಸು, ರೈಲಿಗೇ ಹೋಯಿತು.

ಮನೆಗೆ ಹೋದಾಗ ನೀರು ಇಳಿದಿತ್ತು, ಕೆಸರು ಇತ್ತು. ಅಪ್ಪ ಸಲಿಕೆ ಹಿಡಿದು ಕೆಸರು ಎತ್ತುತ್ತಿದ್ದರು. ನನ್ನನ್ನು ನೋಡಿ ಒಂದೇ ಮಾತು ಕೇಳಿದರು, "ಯಾವಾಗ ಹೋಗ್ತಿ?" ಯಾವಾಗ ಬಂದೆ ಅಂತ ಅಲ್ಲ.

ವಾಪಸ್ ಬರುವಾಗ ರೈಲಿನಲ್ಲೇ ಪತ್ರ ಬರೆದೆ.

ಸಂಬಳದ ಬಗ್ಗೆ ನನ್ನದು ದೂರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಿ.ಎ., ಬಿ.ಎಡ್. ಪಿಎಸ್ಐ ಪರೀಕ್ಷೆ 2021ರಲ್ಲಿ ಬರೆದೆ, ಆ 545 ಹುದ್ದೆಗಳ ಕಥೆ ಗೊತ್ತಲ್ಲ, ಹಗರಣ ಆಗಿ ರದ್ದಾಯಿತು. 2024ರ ಜನವರಿಯಲ್ಲಿ ಮತ್ತೆ ಬರೆದೆ, ಆಗಲಿಲ್ಲ. ಮದುವೆ ಆಗಿದೆ, ಒಂದು ಮಗು. ಇಲಾಖೆ ಬಿಟ್ಟವರು ಏನು ಮಾಡಿದಿರಿ? ಪಶ್ಚಾತ್ತಾಪ ಆಯಿತಾ?


ಹಳೇರೈಟರ್ | ಬೆಳಿಗ್ಗೆ 6:05

ತಮ್ಮಾ, ಮೊದಲು ಆ ಪತ್ರವನ್ನು ಬ್ಯಾಗಿನಿಂದ ತೆಗೆದು ಮನೆಯ ಬೀರುವಿನಲ್ಲಿ ಇಡು. ಯಾವನಾದರೂ ಸಾಹೇಬರು ಬೈದ ದಿನ ಕೈಗೆ ಸಿಕ್ಕಿದರೆ ಕೊಟ್ಟುಬಿಡುತ್ತೀಯ.

ನಾನು ಎಎಸ್ಐ ಆಗಿ ನಿವೃತ್ತನಾದವನು. ಹೆಚ್ಚು ವರ್ಷ ಠಾಣೆ ರೈಟರ್ ಆಗಿ, ಅಂದರೆ ಬರವಣಿಗೆ ಕೆಲಸದಲ್ಲೇ ಕಳೆದೆ. ಬಿಡಬೇಕು ಅಂತ ನನಗೂ ಮೂರು ಸಲ ಅನಿಸಿತ್ತು. ಮೂರು ಸಲವೂ ಕಾರಣ ಕೆಲಸ ಅಲ್ಲ, ಮಾತು. ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗ ಸ್ಟಾರ್ ಹಾಕಿಕೊಂಡು ಬಂದು, ದೂರು ಕೊಡಲು ಬಂದ ಜನರ ಮುಂದೆ "ಏನೋ, ಕಣ್ಣು ಕಾಣಲ್ವಾ ನಿಂಗೆ" ಅಂದಿದ್ದ. ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ. ಕಳ್ಳನನ್ನು ರಾತ್ರಿಯಿಡೀ ಹುಡುಕಿ ಬಂದಾಗಲೂ ಚೆನ್ನಾಗಿ ಊಟ ಮಾಡಿದವನು ನಾನು.

ನಮ್ಮ ಕಾಲದಲ್ಲೂ ದಿನಕ್ಕೆ ಹದಿನಾಲ್ಕು ಗಂಟೆ ದುಡಿದಿದ್ದೇವೆ. ಆದರೆ ಬೀಟ್ ಮುಗಿಸಿ ಪುಸ್ತಕಕ್ಕೆ ಸಹಿ ಹಾಕಿದರೆ ಅಲ್ಲಿಗೆ ಮುಗೀತು. ಮನೆಗೆ ಹೋದವನನ್ನು ಕರೆಸಬೇಕು ಅಂದರೆ ಒಬ್ಬ ಹೋಮ್‌ಗಾರ್ಡನ್ನು ಸೈಕಲ್ ಮೇಲೆ ಕಳಿಸಬೇಕಿತ್ತು. ಅಷ್ಟು ಕಷ್ಟ ಇದ್ದುದರಿಂದ ಸುಮ್ನೆ ಕರೆಸುತ್ತಿರಲಿಲ್ಲ. ಈಗ ನಿಮಗೆ ವಾಟ್ಸಾಪ್ ಗುಂಪು. ಬೀಟ್ ಫೋಟೊ ಹಾಕು, ಲೊಕೇಶನ್ ಹಾಕು, ಸಾಹೇಬರು ಮೆಸೇಜ್ ಹಾಕಿದರೆ ಹೆಬ್ಬೆಟ್ಟು ಒತ್ತು. ನನ್ನ ಅಳಿಯನೂ ಇಲಾಖೆಯಲ್ಲೇ ಇದ್ದಾನೆ. ಊಟದ ತಟ್ಟೆ ಪಕ್ಕ ಫೋನ್ ಇಟ್ಟುಕೊಂಡೇ ಕೂರುತ್ತಾನೆ.


ಕಾವೇರಿತೀರ | ಬೆಳಿಗ್ಗೆ 9:30

ನಾನು ಪೊಲೀಸ್ ಅಲ್ಲ. ಆದರೂ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮನೆಗೆ ನೀರು ನುಗ್ಗಿದ್ದು ಓದಿ ನಿಜಕ್ಕೂ ಸಂಕಟ ಆಯಿತು. ಆದರೆ ನನ್ನ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಬಂದವರು ಕಾಫಿ ಕುಡಿದು, ಎದ್ದು ಹೋಗದೆ ಕೂತೇ ಇದ್ದರು. ಯಾಕೆ ಅಂತ ಅರ್ಥ ಆಗಲು ನನಗೆ ಹತ್ತು ನಿಮಿಷ ಬೇಕಾಯಿತು. ನಮ್ಮ ತಂದೆ ಸೈಟ್ ವಿಷಯಕ್ಕೆ ದೂರು ಕೊಡಲು ಹೋದಾಗ ಮಧ್ಯಾಹ್ನದವರೆಗೆ ನಿಲ್ಲಿಸಿದ್ದರು, ಕುರ್ಚಿ ಕೂಡ ಕೊಡಲಿಲ್ಲ. ಏಕವಚನ ಏಕವಚನ ಅಂತ ನೀವು ನೊಂದುಕೊಳ್ಳುತ್ತೀರಿ. ಠಾಣೆಗೆ ಬಂದ ಕೂಲಿಯವನನ್ನು ನೀವು ಏನಂತ ಕರೆಯುತ್ತೀರಿ?


ಹಳೇರೈಟರ್ | ಬೆಳಿಗ್ಗೆ 9:52

ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ನಾನೂ ಹಾಗೇ ಕರೆದಿದ್ದೇನೆ. ಮೇಲಿನಿಂದ ಬಿದ್ದದ್ದನ್ನು ಕೆಳಗೆ ಸುರಿಯುತ್ತಿದ್ದೆವು.


ಡಿಎಆರ್_ಬಸ್ | ಬೆಳಿಗ್ಗೆ 11:15

ಕಾವೇರಿತೀರ ಅವರೇ, ಲಂಚಕ್ಕೆ ಅವಕಾಶ ಇರುವುದು ಸಿವಿಲ್‌ನಲ್ಲಿ, ಅದೂ ಎಲ್ಲರಿಗೂ ಅಲ್ಲ. ನಾವು ಸಶಸ್ತ್ರ ಮೀಸಲು ಪಡೆಯವರು. ನಮ್ಮದು ಕೈದಿ ಎಸ್ಕಾರ್ಟ್, ಗಾರ್ಡ್ ಡ್ಯೂಟಿ, ಬಂದೋಬಸ್ತ್. ಬಸ್ಸಿನಲ್ಲಿ ಕೂರು, ಇಳಿ, ನಿಲ್ಲು, ಹತ್ತು. ಎಲ್ಲಿಗೆ ಅಂತ ಬಸ್ ಹೊರಟ ಮೇಲೆ ಗೊತ್ತಾಗುತ್ತದೆ. ಒಮ್ಮೆ ಗಲಾಟೆ ಆಗುತ್ತದೆ ಅಂತ ಒಂದು ಊರಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಕಲ್ಯಾಣ ಮಂಟಪದಲ್ಲಿ ಮಲಗಿಸಿದರು. ಗಲಾಟೆ ಆಗಲಿಲ್ಲ. ಮದುವೆ ಆಯಿತು. ಅವರು ಒಳಗೆ, ನಾವು ಪಾರ್ಕಿಂಗ್‌ನಲ್ಲಿ.

ನಾನು ಎರಡು ವರ್ಷ ಒಬ್ಬ ಅಧಿಕಾರಿಯ ಮನೆಯಲ್ಲಿ ಆರ್ಡರ್ಲಿ ಆಗಿದ್ದೆ. ನಾಯಿಗೆ ಸ್ನಾನ, ಮಕ್ಕಳಿಗೆ ಸ್ಕೂಲು, ಅಮ್ಮಾವ್ರಿಗೆ ತರಕಾರಿ. ಆರ್ಡರ್ಲಿ ಪದ್ಧತಿ ಕರ್ನಾಟಕದಲ್ಲಿ ಕಾಗದದ ಮೇಲೆ ರದ್ದಾಗಿ ವರ್ಷಗಳಾದವು. ನನಗೆ ರೈಫಲ್ ಬಿಚ್ಚಿ ಜೋಡಿಸುವುದು ಕಲಿಸಿದ್ದರು. ಅಲ್ಲಿ ಕಲಿತದ್ದು ಬೀನ್ಸ್ ಆರಿಸುವುದು. ಈಗಲೂ ಮಾರ್ಕೆಟ್ಟಿನಲ್ಲಿ ನನ್ನಷ್ಟು ಚೆನ್ನಾಗಿ ಬೀನ್ಸ್ ಆರಿಸುವವರು ಇಲ್ಲ ಬಿಡಿ.


ಈಗ_ವಿಎ | ಮಧ್ಯಾಹ್ನ 2:20

ತೊಗರಿನಾಡು, ನಾನು ಬಿಟ್ಟವನು. ಏಳು ವರ್ಷ ಕಾನ್‌ಸ್ಟೆಬಲ್ ಆಗಿದ್ದೆ. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ (ವಿಎ) ಹುದ್ದೆ ಕರೆದರಲ್ಲ, ಅದರಲ್ಲಿ ಆಯ್ಕೆಯಾಗಿ ಈ ವರ್ಷ ಕಂದಾಯ ಇಲಾಖೆಗೆ ಬಂದೆ. ನಮ್ಮ ಬ್ಯಾಚಿನ ಹುಡುಗರಲ್ಲಿ ಕೆಲವರು ಎಫ್‌ಡಿಎ, ಎಸ್‌ಡಿಎ, ಪಿಡಿಒ ಅಂತ ಹೋದರು. ಇಬ್ಬರು ಮೇಷ್ಟ್ರಾದರು.

ಒಂದು ವಿಷಯ ಕೇಳಿ. ನಾನು ಅರ್ಜಿ ಹಾಕಿದಾಗ ಕಾನ್‌ಸ್ಟೆಬಲ್ ವೇತನ ಶ್ರೇಣಿ 23,500ದಿಂದ ಶುರು. ವಿಎ ಹುದ್ದೆಯದು 21,400ದಿಂದ. ಅಂದರೆ ನಾನು ಮೆಟ್ಟಿಲು ಇಳಿದೇ ಬಂದೆ. ಮಾವನವರು "ಯಾರಾದರೂ ಕಡಿಮೆ ಸಂಬಳಕ್ಕೆ ಪರೀಕ್ಷೆ ಓದ್ತಾರೇನ್ರೀ?" ಅಂತ ಕೇಳಿದ್ದರು. ಓದ್ತಾರೆ. ರಾತ್ರಿ ಸೆಂಟ್ರಿ ಡ್ಯೂಟಿಯಲ್ಲಿ ಟಾರ್ಚ್ ಹಿಡಿದು ಓದ್ತಾರೆ.

ವಿಎ ಕೆಲಸ ಹಗುರ ಅಂತ ತಿಳಿಯಬೇಡಿ. ಇಲ್ಲೂ ಆ್ಯಪ್ ಮೇಲೆ ಆ್ಯಪ್. ನೆರೆ ಪರಿಹಾರದ ಸರ್ವೆ ಬಂದರೆ ನಮಗೂ ರಾತ್ರಿ ಹಗಲು ಇಲ್ಲ. ನಿಮ್ಮ ಅಪ್ಪನ ಹೊಲಕ್ಕೆ ಬಂದವನೂ ನನ್ನಂಥ ಒಬ್ಬ ವಿಎ. ಆದರೆ ಕೆಲಸದ ಹೊರೆ ಜಾಸ್ತಿ ಆಯಿತು ಅಂತ ವಿಎಗಳು 2024ರಲ್ಲಿ, ಮತ್ತೆ ಈ ವರ್ಷ ಫೆಬ್ರವರಿಯಲ್ಲಿ ಮುಷ್ಕರ ಕೂತರು. ಶಾಮಿಯಾನ ಹಾಕಿ, ಮೈಕ್ ಹಿಡಿದು. ನಾನು ಆಗ ಇನ್ನೂ ಖಾಕಿಯಲ್ಲಿದ್ದೆ, ಅವರ ಬಂದೋಬಸ್ತಿಗೆ ನಿಂತಿದ್ದೆ. ನಾಳೆ ನನ್ನ ಸಹೋದ್ಯೋಗಿಗಳಾಗುವವರು ಕೂತು ಘೋಷಣೆ ಕೂಗುತ್ತಿದ್ದಾರೆ, ನಾನು ಲಾಠಿ ಹಿಡಿದು ನೋಡುತ್ತಿದ್ದೇನೆ. ಆ ದಿನ ಅನಿಸಿತು, ಹೋಗುತ್ತಿರುವ ಕಡೆ ಕನಿಷ್ಠ ಬಾಯಿ ಇದೆ.


ಡಿಎಆರ್_ಬಸ್ | ಮಧ್ಯಾಹ್ನ 2:48

ಬಾಯಿ ಅಂದಿರಲ್ಲ, ಅದೇ ಮುಖ್ಯ.

ಹೊಸಬರಿಗೆ ಗೊತ್ತಿಲ್ಲದಿರಬಹುದು. 2016ರ ಜೂನ್ 4ಕ್ಕೆ ನಾವೆಲ್ಲ ಸಾಮೂಹಿಕ ರಜೆ ಹಾಕಬೇಕು ಅಂತ ಕರೆ ಇತ್ತು. ವಾರದ ರಜೆ ಕೊಡಿ, ಸಂಬಳ ಸರಿ ಮಾಡಿ, ಆರ್ಡರ್ಲಿ ತೆಗೆಯಿರಿ. ಕೇಳಿದ್ದು ಇಂಥವೇ. ಸರ್ಕಾರ ಎಸ್ಮಾ ತಂದಿತು, ಅಗತ್ಯ ಸೇವೆಯವರು ಮುಷ್ಕರ ಮಾಡದಂತೆ ತಡೆಯುವ ಕಾಯ್ದೆ. ಕರೆ ಕೊಟ್ಟ ಮುಖಂಡರನ್ನು ಎರಡು ದಿನ ಮೊದಲೇ ಹಿಡಿದು ರಾಜದ್ರೋಹದ ಕೇಸ್ ಹಾಕಿದರು. ರಜೆ ಕೇಳಿದ್ದಕ್ಕೆ ರಾಜದ್ರೋಹ! ನಾನು ಆಗ ರಜೆ ಅರ್ಜಿ ಕೊಟ್ಟಿದ್ದೆ. 3ನೇ ತಾರೀಕು ಸಂಜೆ ನಾನೇ ಹೋಗಿ ವಾಪಸ್ ತೆಗೆದುಕೊಂಡೆ. ಹೆಂಡತಿ ಆಗ ಏಳು ತಿಂಗಳ ಗರ್ಭಿಣಿ.

ನಮಗೆ ಸಂಘ ಕಟ್ಟುವ ಹಕ್ಕಿಗೆ ಬೀಗ ಹಾಕಿರುವುದು 1966ರ ಒಂದು ಕೇಂದ್ರ ಕಾಯ್ದೆ. ಸಂಘ ಇಲ್ಲ, ಪತ್ರಿಕೆಯವರ ಜೊತೆ ಮಾತಿಲ್ಲ. ಹಾಗಾಗಿ ಪೊಲೀಸನಿಗೆ ಇರುವುದು ಎರಡೇ, ಸುಮ್ಮನಿರು ಇಲ್ಲ ಬಿಡು.

ಹಾಗಂತ ಏನೂ ಆಗಲಿಲ್ಲ ಅಂತಲ್ಲ. ಆ ಗದ್ದಲದ ನಂತರವೇ ಪೊಲೀಸರ ಸಂಬಳದ ಬಗ್ಗೆ ಔರಾದಕರ್ ಸಮಿತಿ ವರದಿ ಬಂತು. 2019ರಲ್ಲಿ ಅದರ ಒಂದು ಭಾಗ ಜಾರಿಯಾಗಿ ಕಾನ್‌ಸ್ಟೆಬಲ್ ಆರಂಭದ ಬೇಸಿಕ್ 23,500 ಆಯಿತು. ಏಳನೇ ವೇತನ ಆಯೋಗದ ನಂತರ ಅದು 37,500. ಹೊಸಬರಿಗೆ ಒಳ್ಳೆಯದಾಯಿತು. ಆದರೆ ಆರಂಭದ ಸಂಬಳ ಏರಿತೇ ಹೊರತು ಮೊದಲೇ ಇದ್ದ ಸೀನಿಯರ್‌ಗಳಿಗೆ ಅದೇ ಲೆಕ್ಕದಲ್ಲಿ ಏರಲಿಲ್ಲ. ಹತ್ತು ವರ್ಷ ಹೆಚ್ಚು ಬಿಸಿಲು ಕುಡಿದವನಿಗೂ ನಿನ್ನೆ ಬಂದವನಿಗೂ ಸಂಬಳದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಬೇಸರ ಇನ್ನೂ ಆರಿಲ್ಲ.


ಕ್ವಾರ್ಟರ್ಸ್_ಮನೆ | ರಾತ್ರಿ 8:10

ನಾನು ಕಾನ್‌ಸ್ಟೆಬಲ್ ಒಬ್ಬರ ಹೆಂಡತಿ. ನೀವೆಲ್ಲ ನಿಮ್ಮ ನಿಮ್ಮ ಕಷ್ಟ ಹೇಳಿದಿರಿ. ತೊಗರಿನಾಡು ಅವರೇ, ಆ ಪತ್ರದ ವಿಷಯ ನಿಮ್ಮ ಮನೆಯವರಿಗೆ ಗೊತ್ತಾ? ನೀವು ಬರೆದದ್ದರಲ್ಲಿ ಅಪ್ಪ ಇದ್ದಾರೆ, ಅವ್ವ ಇದ್ದಾರೆ, ತಮ್ಮ ಇದ್ದಾನೆ. ಹೆಂಡತಿ ಒಂದು ಸಾಲು.

ನಮ್ಮವರೂ ಹೀಗೇ. ಒಂದು ದಿನ ಬಂದು "ಬಿಟ್ಟುಬಿಡ್ತೀನಿ" ಅಂದರು. ನಾನು ಪುಸ್ತಕ ತೆಗೆದು ಲೆಕ್ಕ ಬರೆದೆ. ಸೊಸೈಟಿ ಸಾಲ, ಬೈಕ್ ಕಂತು, ಮಗಳ ಫೀಸು. ಕ್ವಾರ್ಟರ್ಸ್ ಬಿಡಬೇಕು, ಹೊರಗೆ ಬಾಡಿಗೆ ಎಷ್ಟು? ಆರೋಗ್ಯ ಭಾಗ್ಯ, ಅದೇ ಪೊಲೀಸ್ ಕುಟುಂಬದ ಚಿಕಿತ್ಸೆ ಯೋಜನೆ, ಹೋಗುತ್ತದೆ, ಅತ್ತೆಯ ಡಯಾಲಿಸಿಸ್‌ಗೆ ಎಷ್ಟು? ಲೆಕ್ಕ ನೋಡಿ ಅವರು ಏನೂ ಹೇಳದೆ ಬೂಟಿಗೆ ಪಾಲಿಶ್ ಹಾಕಲು ಕೂತರು. ನನಗೇ ಅಳು ಬಂತು. ಲೆಕ್ಕ ತೋರಿಸಿ ಒಬ್ಬ ಮನುಷ್ಯನನ್ನು ಕಟ್ಟಿಹಾಕಿದೆನಲ್ಲ ಅಂತ.

ನಮ್ಮ ಮನೆ ಕ್ಯಾಲೆಂಡರ್ ಬೇರೆ. ಗಣೇಶನನ್ನು ಊರೆಲ್ಲ ನೀರಿಗೆ ಬಿಟ್ಟ ಮೇಲೆ ನಾವು ಕಡುಬು ಮಾಡುತ್ತೇವೆ. ಹೊಸ ವರ್ಷ ಜನವರಿ 2ಕ್ಕೆ, ಯಾಕಂದರೆ 31ಕ್ಕೆ ಎಂ.ಜಿ. ರಸ್ತೆ, 1ಕ್ಕೆ ನಿದ್ದೆ. ಅದಕ್ಕೆ ಒಗ್ಗಿದ್ದೇವೆ. ಒಗ್ಗದೆ ಇರುವುದು ಒಂದೇ. ಮನೆಗೆ ಬಂದವರು ಒಂದು ಗಂಟೆ ಯಾರ ಜೊತೆಯೂ ಮಾತಾಡುವುದಿಲ್ಲ. ಮಾತಾಡಿದರೆ ಠಾಣೆಯ ದನಿಯಲ್ಲೇ ಮಾತಾಡುತ್ತಾರೆ. ಮಗಳಿಗೆ "ಏಯ್, ಬಾ ಇಲ್ಲಿ" ಅಂತಾರೆ.


ತೊಗರಿನಾಡು | ರಾತ್ರಿ 11:55

ಅಕ್ಕಾ, ಹೇಳಿಲ್ಲ. ನೀವು ಹೇಳಿದ್ದು ಸರಿ. ಇವತ್ತು ಹೇಳುತ್ತೇನೆ.

ಕಾವೇರಿತೀರ ಅವರಿಗೆ. ನಾನು ಲಂಚ ಮುಟ್ಟಿಲ್ಲ ಅಂತ ಪ್ರಮಾಣ ಮಾಡಿದರೆ ನೀವು ನಂಬಬೇಕಿಲ್ಲ. ಮುಟ್ಟದವನು ಠಾಣೆಯಲ್ಲಿ ಸುಖವಾಗಿದ್ದಾನೆ ಅಂತ ಮಾತ್ರ ತಿಳಿಯಬೇಡಿ. ಅವನನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಬಿಡಬೇಕು ಅನ್ನುವವರಲ್ಲಿ ಅಂಥವರೂ ಇದ್ದಾರೆ.


ಎರಡುಸ್ಟಾರ್ | 10 ಅಕ್ಟೋಬರ್, ಬೆಳಿಗ್ಗೆ 7:30

ನಾನು ಪಿಎಸ್ಐ. ಕೆಳಗಿನವರಿಗೆ ರಜೆ ಇಲ್ಲ ಅನ್ನುವ ಪಾಪಿ ನಾನೇ, ಹಾಗಾಗಿ ನನ್ನ ಮಾತನ್ನೂ ಕೇಳಿ.

ಠಾಣೆಯ ಮಂಜೂರಾದ ಸಂಖ್ಯೆಯೇ ಬೇರೆ, ಬೆಳಿಗ್ಗೆ ರೋಲ್‌ಕಾಲ್‌ಗೆ ನಿಲ್ಲುವವರ ಸಂಖ್ಯೆಯೇ ಬೇರೆ. ಒಬ್ಬ ಕೋರ್ಟಿಗೆ, ಒಬ್ಬ ಸಮನ್ಸ್ ಜಾರಿಗೆ, ಇಬ್ಬರು ಆಸ್ಪತ್ರೆಯಲ್ಲಿ ಆರೋಪಿ ಕಾಯಲು, ಒಬ್ಬ ಮೇಲಧಿಕಾರಿ ಕಚೇರಿಗೆ ಓಓಡಿ, ಅಂದರೆ ಬೇರೆ ಕಡೆಯ ಡ್ಯೂಟಿ. ಉಳಿದವರಲ್ಲಿ ರಾತ್ರಿ ಪಾಳಿ ಮಾಡಿದವರನ್ನು ಮನೆಗೆ ಕಳಿಸಬೇಕು. ಆಗ ಒಬ್ಬ ಬಂದು "ಸಾರ್, ಮನೆಗೆ ನೀರು ಬಂದಿದೆ" ಅಂದರೆ ನನ್ನ ಬಾಯಿಂದ ಮೊದಲು ಬರುವುದು "ಈಗಲೇನಾ?" ಅದು ತಪ್ಪು ಅಂತ ಗೊತ್ತು. ರಾತ್ರಿ ಮಲಗಿದಾಗ ಗೊತ್ತಾಗುತ್ತದೆ.

ಇದು ನಮ್ಮೊಬ್ಬರ ಗೋಳಲ್ಲ. ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೊಗಾಗಿ 2014ರಲ್ಲಿ ಮಾಡಿದ ಅಧ್ಯಯನದಲ್ಲಿ ನೂರಕ್ಕೆ ತೊಂಬತ್ತು ಠಾಣೆ ಸಿಬ್ಬಂದಿ ಎಂಟು ಗಂಟೆಗಿಂತ ಜಾಸ್ತಿ ದುಡಿಯುತ್ತಾರೆ ಅಂತ ಇತ್ತು. ಕಾಮನ್ ಕಾಸ್, ಲೋಕನೀತಿ-ಸಿಎಸ್‌ಡಿಎಸ್ ಸಂಸ್ಥೆಗಳು ಸೇರಿ 2019ರಲ್ಲಿ 21 ರಾಜ್ಯಗಳ ಪೊಲೀಸರನ್ನು ಮಾತಾಡಿಸಿದಾಗ ಸರಾಸರಿ 14 ಗಂಟೆ ಅಂತ ಬಂತು. ಅದರಲ್ಲೇ ಇನ್ನೊಂದು ಪ್ರಶ್ನೆ ಇತ್ತು. ಇದೇ ಸಂಬಳ, ಇದೇ ಸೌಲಭ್ಯ ಬೇರೆ ಕಡೆ ಸಿಕ್ಕರೆ ಬಿಡ್ತೀರಾ? ಶೇ. 37 ಜನ ಬಿಡ್ತೀವಿ ಅಂದರು.

ನಮ್ಮ ಮಟ್ಟದಲ್ಲಿ ಬಿಡಬೇಕು ಅನಿಸುವುದಕ್ಕೆ ಕಾರಣ ಬೇರೆ. ಕುರ್ಚಿ ನಿಲ್ಲುವುದಿಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು, ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗದಲ್ಲಿ ಇರಲು ಬಿಡಿ ಅಂತ. ನಾನು ಐದು ವರ್ಷದಲ್ಲಿ ನಾಲ್ಕು ಠಾಣೆ ನೋಡಿದೆ. ಒಂದು ಕಡೆ ಮರಳಿನ ಲಾರಿ ಹಿಡಿದದ್ದಕ್ಕೆ. ಮಗ ಒಂದನೇ ತರಗತಿಯನ್ನು ಎರಡು ಶಾಲೆಯಲ್ಲಿ ಓದಿದ.


ಹಳೇರೈಟರ್ | ಬೆಳಿಗ್ಗೆ 8:00

ಮೇಲಿನವರೂ ಸುಖವಾಗಿಲ್ಲ ಅನ್ನುವುದಕ್ಕೆ ಈ ವರ್ಷದ್ದೇ ಉದಾಹರಣೆ ಇದೆ. ಏಪ್ರಿಲ್‌ನಲ್ಲಿ ಬೆಳಗಾವಿ ಸಮಾವೇಶದ ವೇದಿಕೆ ಮೇಲೆ ಮುಖ್ಯಮಂತ್ರಿಗಳು ಧಾರವಾಡದ ಹೆಚ್ಚುವರಿ ಎಸ್‌ಪಿ ಬರಮನಿ ಅವರ ಮೇಲೆ ಕೈ ಎತ್ತಿದ್ದನ್ನು ರಾಜ್ಯವೇ ನೋಡಿತು. ಕೆಳಗೆ ಯಾರೋ ಕಪ್ಪು ಬಟ್ಟೆ ತೋರಿಸಿದ್ದಕ್ಕೆ ಮೇಲೆ ಇದ್ದ ಅಧಿಕಾರಿಗೆ ಅವಮಾನ. ಅವರು ಸ್ವಯಂ ನಿವೃತ್ತಿ ಕೇಳಿ ಪತ್ರ ಬರೆದರು. ಆಮೇಲೆ ಮಾತುಕತೆ ಆಗಿ ಕೆಲಸಕ್ಕೆ ಮರಳಿದರು, ಬೆಳಗಾವಿಯಲ್ಲೇ ಡಿಸಿಪಿ ಆದರು.

2016ರಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಮಂತ್ರಿಯೊಬ್ಬರ ಜೊತೆ ತಿಕ್ಕಾಟ ಆಗಿ ರಾಜೀನಾಮೆ ಕೊಟ್ಟರು, ವಾಪಸ್ ಬರಲೇ ಇಲ್ಲ. ಐಪಿಎಸ್ ಅಧಿಕಾರಿ ಅಣ್ಣಾಮಲೈ 2019ರಲ್ಲಿ ಬಿಟ್ಟರು, ಅವರಿಗೆ ರಾಜಕೀಯದ ಬಾಗಿಲು ತೆರೆದಿತ್ತು. ಡಿವೈಎಸ್‌ಪಿ ಪತ್ರ ಬರೆದರೆ ಸುದ್ದಿ. ಪಿಸಿ ಬರೆದರೆ ಅದು ಗುಮಾಸ್ತರ ಮೇಜಿನ ಮೇಲೆ ಒಂದು ಫೈಲು.


ಕಾವೇರಿತೀರ | ಬೆಳಿಗ್ಗೆ 10:40

ಬರಮನಿ ಅವರ ವಿಡಿಯೊ ನೋಡಿ ನನಗೂ ಸಿಟ್ಟು ಬಂದಿತ್ತು. ಅದು ಒಪ್ಪಿದೆ. ಆದರೆ ಪಾಸ್‌ಪೋರ್ಟ್ ಕಾಫಿ ವಿಷಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಗಮನಿಸಿದ್ದೇನೆ.


ಮಲ್ಲಿಗೆಮುಡಿ | ಮಧ್ಯಾಹ್ನ 3:15

ಮಹಿಳಾ ಪಿಸಿ, ಆರು ವರ್ಷ. ನನ್ನದು ಚಿಕ್ಕ ವಿಷಯ, ಬಂದೋಬಸ್ತಿಗೆ ಹೋಗುವ ದಿನ ನಾವು ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಐದಕ್ಕೆ ನಿಂತರೆ ಸಂಜೆವರೆಗೆ ಶೌಚಾಲಯ ಎಲ್ಲಿ ಸಿಗುತ್ತೋ ಗೊತ್ತಿಲ್ಲ. ನನಗೆ ಕಿಡ್ನಿಯಲ್ಲಿ ಕಲ್ಲು ಆಗಿ ಎರಡು ಸಲ ಆಸ್ಪತ್ರೆಗೆ ಸೇರಿದೆ. ಡಾಕ್ಟರು "ದಿನಕ್ಕೆ ಮೂರು ಲೀಟರ್ ನೀರು ಕುಡಿಯಮ್ಮ" ಅಂದರು. ನಾನು ನಕ್ಕೆ, ಅವರಿಗೆ ಯಾಕೆ ಅಂತ ಅರ್ಥ ಆಗಲಿಲ್ಲ. ತಿಂಗಳ ಆ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಊಹಿಸಿಕೊಳ್ಳಿ.

ನಾನು ಬಿಡುವುದಿಲ್ಲ, ಅದನ್ನೂ ಹೇಳುತ್ತೇನೆ. ನಮ್ಮ ಊರಲ್ಲಿ ನಮ್ಮ ಕೇರಿಯ ಮೊದಲ ಸರ್ಕಾರಿ ನೌಕರಿ ನನ್ನದು. ಅಮ್ಮ ಕೂಲಿಗೆ ಹೋಗುತ್ತಿದ್ದ ಹೊಲದ ಯಜಮಾನರು ಈಗ ನನ್ನನ್ನು "ಬನ್ನಿ ಮೇಡಂ" ಅಂತಾರೆ. ಇಲಾಖೆಯೊಳಗೆ ಯಾರು ಏನಂದರೂ ಆ ಒಂದು "ಬನ್ನಿ" ಬೇರೆ ಎಲ್ಲೂ ಸಿಗಲ್ಲ ನನಗೆ.


ಈಗ_ವಿಎ | ಸಂಜೆ 6:30

ಇಷ್ಟೆಲ್ಲ ಮಾತಾದವು, ಈಗ ಕಾಗದದ ವಿಷಯ. ಇದನ್ನು ಸರಿಯಾಗಿ ಓದಿ. ನಾನು ಇದರಲ್ಲಿ ಎಡವುವುದು ಕೂದಲೆಳೆಯಲ್ಲಿ ತಪ್ಪಿತು.

ನಿಮ್ಮದು ಒಂಬತ್ತು ವರ್ಷದ ಸೇವೆ. ಸ್ವಯಂ ನಿವೃತ್ತಿ ಕೇಳಲು ಹದಿನೈದು ವರ್ಷ ಆಗಿರಬೇಕು. ಹಾಗಾಗಿ ನಿಮಗೆ ಅದು ಇಲ್ಲ, ರಾಜೀನಾಮೆ ಒಂದೇ ದಾರಿ. ಸುಮ್ನೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪೂರ್ತಿ ಹೋದಂತೆ. ಏಪ್ರಿಲ್ 2006ರ ನಂತರ ಸೇರಿದವರೆಲ್ಲ ಎನ್‌ಪಿಎಸ್‌ನಲ್ಲಿ, ಅಂದರೆ ಹೊಸ ಪಿಂಚಣಿ ವ್ಯವಸ್ಥೆಯಲ್ಲಿದ್ದೀರಿ. ಮಧ್ಯದಲ್ಲಿ ಬಿಟ್ಟರೆ, ಖಾತೆಯಲ್ಲಿ ತೀರಾ ಕಡಿಮೆ ಇದ್ದರೆ ಬೇರೆ ಮಾತು, ಇಲ್ಲದಿದ್ದರೆ ಐದರಲ್ಲಿ ಒಂದು ಪಾಲು ಮಾತ್ರ ಕೈಗೆ. ಉಳಿದದ್ದು ಪಿಂಚಣಿ ಯೋಜನೆಗೆ ಹೋಗುತ್ತದೆ. ಆ ದುಡ್ಡಲ್ಲಿ ಅಂಗಡಿ ಹಾಕ್ತೀನಿ ಅಂತ ಲೆಕ್ಕ ಹಾಕಬೇಡಿ. ನಮ್ಮ ಗೆಳೆಯನೊಬ್ಬ ಹಾಕಿದ್ದ.

ಬೇರೆ ಸರ್ಕಾರಿ ಹುದ್ದೆಗೆ ಹೋಗುವುದಾದರೆ ಕಥೆ ಬೇರೆ. ಅರ್ಜಿ ಹಾಕುವ ಮೊದಲೇ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಿ. ಆಯ್ಕೆಯಾದ ಮೇಲೆ ಆ ಹುದ್ದೆಗೆ ಸೇರಲು ಅಂತಲೇ ಬರೆದು ಬಿಡುಗಡೆ ಕೇಳಿ. ಹಾಗೆ ಹೋದರೆ ಹಿಂದಿನ ಸೇವೆ ಕಳೆದುಹೋಗುವುದಿಲ್ಲ, ಎನ್‌ಪಿಎಸ್ ಖಾತೆಯೂ ಅದೇ ಮುಂದುವರಿಯುತ್ತದೆ. ನಿಮ್ಮ ಪತ್ರದಲ್ಲಿ "ವೈಯಕ್ತಿಕ ಕಾರಣಗಳಿಂದ" ಅಂತ ಬರೆದಿದ್ದೀರಾ? ಹರಿದುಹಾಕಿ. ಆ ಎರಡು ಪದಕ್ಕೆ ಒಂಬತ್ತು ವರ್ಷ ಕೊಡಬೇಡಿ.

ಸರ್ವಿಸ್ ರಿಜಿಸ್ಟರ್ ಒಮ್ಮೆ ನೋಡಿ ಝೆರಾಕ್ಸ್ ಇಟ್ಟುಕೊಳ್ಳಿ. ನನ್ನದರಲ್ಲಿ ಎರಡು ವರ್ಷದ ಗಳಿಕೆ ರಜೆ ನಮೂದೇ ಆಗಿರಲಿಲ್ಲ.

ಇನ್ನೊಂದು. ಊರ ಕಡೆ ಹೋಗುವುದೇ ನಿಮ್ಮ ಆಸೆ ಆದರೆ ಅಂತರ ಜಿಲ್ಲಾ ವರ್ಗಾವಣೆ ಪ್ರಯತ್ನ ಮಾಡಿದ್ದೀರಾ?


ತೊಗರಿನಾಡು | ರಾತ್ರಿ 12:20

ಮಾಡಿದೆ. ನೇಮಕಾತಿ ಘಟಕವಾರು. ನಾನು ಬೆಂಗಳೂರು ನಗರ ಘಟಕದವನು. ಅವತ್ತು ಇಲ್ಲಿ ಹುದ್ದೆ ಜಾಸ್ತಿ ಇತ್ತು ಅಂತ ಇಲ್ಲಿಗೆ ಹಾಕಿದೆ, ಇಪ್ಪತ್ತಮೂರು ವರ್ಷದ ಹುಡುಗನಿಗೆ ಬುದ್ಧಿ ಎಲ್ಲಿತ್ತು. ಈಗ ಕಲಬುರಗಿಗೆ ಹೋಗಬೇಕು ಅಂದರೆ ಮೊದಲು ವರ್ಗಾವಣೆ ಬಾಗಿಲು ತೆರೆಯಬೇಕು. ತೆರೆದರೂ ಸೀನಿಯಾರಿಟಿ ಬಿಟ್ಟು ಅಲ್ಲಿಯ ಪಟ್ಟಿಯಲ್ಲಿ ಕೊನೆಗೆ ನಿಲ್ಲಬೇಕು. ಗಂಡ ಹೆಂಡತಿ ಇಬ್ಬರೂ ನೌಕರರಾದರೆ ಆ ಕಾರಣಕ್ಕೆ ಕೇಳಬಹುದು, ನನ್ನಾಕೆ ನೌಕರಿಯಲ್ಲಿಲ್ಲ. ಬೆಂಗಳೂರಿನ ಠಾಣೆಗಳಲ್ಲಿ ನನ್ನಂಥ ಉತ್ತರದ ಕಡೆಯ ಹುಡುಗರು ಎಷ್ಟು ಜನ ಇದ್ದೀವಿ ಅಂತ ನೋಡಬೇಕಾದರೆ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ಗೆ ಬನ್ನಿ. ಕಟಿಂಗ್ ನೋಡಿದರೆ ಗೊತ್ತಾಗುತ್ತದೆ.

ಆಕೆಗೆ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. "ಬಿ.ಎಡ್ ಸರ್ಟಿಫಿಕೇಟ್ ಎಲ್ಲಿಟ್ಟಿದ್ದೀರಿ?" ಅಂತ ಕೇಳಿದಳು.


ಎರಡುಸ್ಟಾರ್ | 11 ಅಕ್ಟೋಬರ್, ಬೆಳಿಗ್ಗೆ 6:45

ಬುದ್ಧಿವಂತೆ.

ಒಂದು ಮಾತು, ತಪ್ಪು ತಿಳಿಯಬೇಡಿ. ಮನಸ್ಸು ತೀರಾ ಭಾರ ಆದರೆ, ನಿದ್ದೆಯೇ ಬರದೆ ಹೋದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ಠಾಣೆಗೆ ಗೊತ್ತಾಗುವುದಿಲ್ಲ. 2016ರ ಜುಲೈನಲ್ಲಿ ಒಂದೇ ವಾರದಲ್ಲಿ ಇಬ್ಬರು ಡಿವೈಎಸ್‌ಪಿಗಳನ್ನು ನಾವು ಕಳೆದುಕೊಂಡೆವು. ನಾನು ಒಮ್ಮೆ ಫೋನ್ ಮಾಡಿದ್ದೇನೆ. ಇದನ್ನು ಇಲ್ಲಿ ಬರೆಯಲು ಎರಡು ದಿನ ಯೋಚಿಸಿದೆ.


ಡಿಎಆರ್_ಬಸ್ | 29 ಅಕ್ಟೋಬರ್, ರಾತ್ರಿ 9:00

ಎಲ್ಲರೂ ಎಲ್ಲಿ ಹೋದಿರಿ? ನಿನ್ನೆ ಮುಖ್ಯಮಂತ್ರಿಗಳು ಹೊಸ ಪೀಕ್ ಕ್ಯಾಪ್ ಕೊಟ್ಟರು, ಹಳೇ ಸ್ಲೋಚ್ ಹ್ಯಾಟ್‌ಗೆ ವಿದಾಯ. ಓಡುವಾಗ ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ತಲೆ ಮೇಲಿನ ಟೋಪಿ ಹಿಡಿಯುವ ಸರ್ಕಸ್ ಮುಗೀತು. ಖುಷಿಯೇ, ಸುಳ್ಳು ಹೇಳಲ್ಲ. ಕನ್ನಡಿ ಮುಂದೆ ಹಾಕಿ ನೋಡುವ ಆಸೆ ಇದೆ. ಟೋಪಿಗೆ ಇಷ್ಟು ವರ್ಷ ಬೇಕಾಯಿತು. ವಾರದ ರಜೆಗೆ ಎಷ್ಟು ಬೇಕೋ ನೀವೇ ಲೆಕ್ಕ ಹಾಕಿ.


ಹಳೇರೈಟರ್ | 30 ಅಕ್ಟೋಬರ್, ಬೆಳಿಗ್ಗೆ 5:50

ನನ್ನ ಹಳೇ ಹ್ಯಾಟ್‌ನಲ್ಲಿ ಮೊಮ್ಮಗ ಗೋಲಿ ತುಂಬಿಟ್ಟಿದ್ದಾನೆ. ತೊಗರಿನಾಡು, ಏನಾಯಿತಪ್ಪ?


ತೊಗರಿನಾಡು | 27 ನವೆಂಬರ್, ರಾತ್ರಿ 2:10

ಕ್ಷಮಿಸಿ. ಬರೆಯಲು ಆಗಲಿಲ್ಲ, ಡ್ಯೂಟಿ.

ಪತ್ರ ಕೊಟ್ಟಿಲ್ಲ. ಹರಿದೂ ಹಾಕಿಲ್ಲ, ಹಳೇರೈಟರ್ ಹೇಳಿದಂತೆ ಬೀರುವಿನಲ್ಲಿದೆ. ಡಿಸೆಂಬರ್ 7ಕ್ಕೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಇದೆ, ಅರ್ಜಿ ಹಾಕಿದ್ದೇನೆ. ಅದು ಪಾಸಾದ ಮಾತ್ರಕ್ಕೆ ಮೇಷ್ಟ್ರಾಗುವುದಿಲ್ಲ, ಗೊತ್ತು. ನೇಮಕಾತಿ ಕರೆಯಬೇಕು, ಮತ್ತೆ ಪರೀಕ್ಷೆ ಬರೆಯಬೇಕು. ಆದರೂ ರಾತ್ರಿ ಪಾಳಿಯಲ್ಲಿ ಮಕ್ಕಳ ಮನೋವಿಜ್ಞಾನ ಓದುತ್ತಿದ್ದೇನೆ. ಮೊನ್ನೆ ಲಾಕಪ್‌ನಲ್ಲಿದ್ದ ಒಬ್ಬ ಹುಡುಗ "ಏನ್ ಓದ್ತಿದ್ದೀರಾ ಸಾರ್" ಅಂತ ಕೇಳಿದ. ಅವನೂ ಡಿ.ಎಡ್ ಮಾಡಿದ್ದನಂತೆ. ಅರ್ಧ ಗಂಟೆ ನನಗೆ ಪಾಠ ಹೇಳಿಕೊಟ್ಟ. ಅವನನ್ನು ನಾನು ಬಹುವಚನದಲ್ಲೇ ಮಾತಾಡಿಸಿದೆ, ಕಾವೇರಿತೀರ ಅವರು ಗಮನಿಸಬೇಕು.

ಈಗಿರುವ ತೊಂದರೆ ಒಂದೇ. ಪರೀಕ್ಷೆ 7, ಭಾನುವಾರ. ಬೆಳಗಾವಿ ಅಧಿವೇಶನ 8ಕ್ಕೆ ಶುರು. ಬಂದೋಬಸ್ತಿಗೆ ಹೋಗುವವರ ಪಟ್ಟಿ ಇನ್ನೂ ಹಾಕಿಲ್ಲ.


ಈಗ_ವಿಎ | ಬೆಳಿಗ್ಗೆ 7:05

ಪಟ್ಟಿ ಬರುವವರೆಗೆ ಕಾಯಬೇಡಿ. ರಜೆ ಅರ್ಜಿ ಇವತ್ತೇ ಕೊಡಿ, ಪರೀಕ್ಷೆ ಅಂತ ಸ್ಪಷ್ಟವಾಗಿ ಬರೆಯಿರಿ. ಹಾಲ್ ಟಿಕೆಟ್ ಬಂದಿದ್ದರೆ ಝೆರಾಕ್ಸ್ ಲಗತ್ತಿಸಿ. ಬಾಯಿಮಾತಲ್ಲಿ ಕೇಳಬೇಡಿ, ಸ್ವೀಕೃತಿ ತೆಗೆದುಕೊಳ್ಳಿ.


ತೊಗರಿನಾಡು | ರಾತ್ರಿ 11:30

ಕೊಟ್ಟೆ. "ಅಧಿವೇಶನ ಹತ್ರ ಇಟ್ಕೊಂಡು ಎಂಥ ಪರೀಕ್ಷೆಯಪ್ಪಾ" ಅಂದರು. ಅರ್ಜಿಯ ಎರಡನೇ ಪ್ರತಿಗೆ ಸೀಲ್ ಹಾಕಿಸಿಕೊಂಡೆ.